ರಾಮದೇವರ ಬೆಟ್ಟದ ಬುಡದಲ್ಲಿ

ಚೈತ್ರಮಾಸದ ಒಂದು ಮುಂಜಾವಿನಲ್ಲಿ, ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿರುವ ರೈತರೊಬ್ಬರ ಮಾವಿನ ತೋಪಿಗೆ ಹಕ್ಕಿಗಳನ್ನು ನೋಡಲೆಂದು ಹೋಗಿದ್ದೆವು. ಸ್ವಂತದ ಜಮೀನಾದುದರಿಂದ ಯಜಮಾನರ ಅನುಮತಿ ಪಡೆದೇ ಒಳಹೊಕ್ಕೆವು. ಹಕ್ಕಿಗಳನ್ನು ಬಲ್ಲ ತರುಣರೊಬ್ಬರು ಮುಂದೆ ನಡೆದರು. ಮಾತು ಕಡಿಮೆ, ಹೆಜ್ಜೆ ಮೆಲ್ಲಗೆ ಎಂಬುದೊಂದೇ ಅವರ ಕಟ್ಟಳೆ.

ಮೊದಲು ಕೇಳಿದ್ದು ಕೋಗಿಲೆ. ಹಾಡುವುದು ಗಂಡು, ಚುಕ್ಕೆಗಳುಳ್ಳ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಪರಭೃತವೆಂಬ ಹೆಸರು ಬಂದುದು ಸುಮ್ಮನೆ ಅಲ್ಲ. ಬಂಡೆಯ ಮಗ್ಗುಲ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ ಕಾಣಿಸಿತು. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಅದು ಬೇರೆಲ್ಲಿಯೂ ಇಲ್ಲವಂತೆ.

ನಾವು ಮುಖ್ಯವಾಗಿ ಕಾದದ್ದು ರಣಹದ್ದಿಗಾಗಿ. ಉದ್ದ ಕೊಕ್ಕಿನ ರಣಹದ್ದು ಈ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ಸರ್ಕಾರ ರಣಹದ್ದುಧಾಮವೆಂದು ಘೋಷಿಸಿತು. ಆದರೆ ಹದ್ದು ಗಡಿಗೆರೆಯೊಳಗೆ ಉಣ್ಣುವುದಿಲ್ಲ, ಹತ್ತಾರು ಮೈಲಿ ಹಾರಿ ಸತ್ತ ದನವನ್ನು ಹುಡುಕುತ್ತದೆ. ನೋವಿಗೆಂದು ಡೈಕ್ಲೋಫಿನಾಕ್ ಕೊಟ್ಟ ದನ ಸತ್ತರೆ, ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ದನಗಳಿಗೆ ಆ ಔಷಧವನ್ನು 2006ರಲ್ಲಿಯೇ ನಿಷೇಧಿಸಲಾಗಿದೆ. ಮನುಷ್ಯರ ಔಷಧವನ್ನೇ ದನಗಳಿಗೆ ಚುಚ್ಚುವ ರೂಢಿ ಮಾತ್ರ ಅಷ್ಟು ಬೇಗ ಅಳಿಯಲಿಲ್ಲ.

ಹತ್ತು ಗಂಟೆಯವರೆಗೆ ಕಾದರೂ ಒಂದೂ ಕಾಣಲಿಲ್ಲ. ಕೊಟ್ಟಿಗೆಯ ಬಳಿ ಮಜ್ಜಿಗೆ ಕೊಡುತ್ತಾ ಯಜಮಾನರು, "ಹಾಗಾದರೆ ಕುಂಟುವ ಹಸುವಿಗೆ ಏನು ಕೊಡಿಸಲಿ, ಸ್ವಾಮಿ?" ಎಂದು ಕೇಳಿದರು. ಮೆಲಾಕ್ಸಿಕಾಮ್ ಹದ್ದಿಗೆ ಅಪಾಯಕಾರಿಯಲ್ಲ, ಪಶುವೈದ್ಯರನ್ನು ಕೇಳಿ ಕೊಡಿಸಿರೆಂದು ತರುಣರು ಹೇಳಿದರು. ಯಜಮಾನರು ಮಗಳನ್ನು ಕರೆದು ಆ ಹೆಸರನ್ನು ಕೊಟ್ಟಿಗೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು.