ಶ್ರಾವಕನ ಮನೆಗೊಂದು ಪಿಸ್ತೂಲು

ಗುಬ್ಬಿಯ ಸಮೀಪದ ನಮ್ಮ ತೋಟದ ಮನೆಯಲ್ಲಿ ಅತ್ತಿಗೆಯವರು ಒಬ್ಬರೇ ಇದ್ದಾರೆ. ಅಣ್ಣ ತೀರಿಹೋಗಿ ಆರು ವರ್ಷಗಳಾದವು. ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. ನಾನು ತುಮಕೂರಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವವನು. ಕಳೆದ ವರ್ಷ ಅಡಿಕೆ ಕೊಯ್ಲು ಮುಗಿಯುತ್ತಿದ್ದ ಕಾಲಕ್ಕೆ, ನಮ್ಮ ತೋಟದಿಂದ ಕೂಗಳತೆಯ ದೂರದಲ್ಲಿರುವ ಇನ್ನೊಂದು ಒಂಟಿ ಮನೆಗೆ ರಾತ್ರಿ ಕಳ್ಳರು ನುಗ್ಗಿ, ವೃದ್ಧ ದಂಪತಿಗಳನ್ನು ಕಟ್ಟಿಹಾಕಿ, ಒಡವೆಯನ್ನೂ ಅಡಿಕೆ ಮಾರಿದ ಹಣವನ್ನೂ ಒಯ್ದರು. ಅದಾದ ಮರುವಾರವೇ ಅಣ್ಣನ ಮಗ ನಮ್ಮ ಮನೆಗೆ ಬಂದು, "ಚಿಕ್ಕಪ್ಪ, ಒಂದು ಪಿಸ್ತೂಲು ಕೊಳ್ಳಬೇಕೆಂದಿದ್ದೇನೆ. ಧರ್ಮ ಹೇಳಿ ನನ್ನ ಬಾಯಿ ಮುಚ್ಚಿಸಬೇಡಿ. ನೀವೂ ಬಂದು ನೋಡಿ, ಆಮೇಲೆ ಹೇಳಿ" ಎಂದನು.

ಅವನು ಆಯುಧ ಕಾಣದವನಲ್ಲ. ಮೂರು ವರ್ಷಗಳಿಂದ ಬೆಂಗಳೂರಿನಲ್ಲಿ ಗಾಳಿ ಪಿಸ್ತೂಲಿನಿಂದ ಗುರಿ ಅಭ್ಯಾಸ ಮಾಡುತ್ತಿದ್ದಾನೆ. ನಮ್ಮವರೇ ಆದ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಗಳಿಸಿದ್ದನ್ನು ಹತ್ತು ಸಲ ಹೇಳುತ್ತಾನೆ. ಹತ್ತು ಮೀಟರು ದೂರದ ಕಾಗದದ ಮೇಲೆ 11.5 ಮಿಲಿಮೀಟರಿನ ಒಂದು ವೃತ್ತ; ಒಂದೇ ಕೈಯನ್ನು ಚಾಚಿ, ಉಸಿರನ್ನು ನಿಲ್ಲಿಸಿ, ಅದಕ್ಕೆ ಸೀಸದ ಕಾಳನ್ನು ತಾಗಿಸಬೇಕು. ಅರುವತ್ತು ಗುಂಡುಗಳಿಗೆ ಎಪ್ಪತ್ತೈದು ನಿಮಿಷ. ಒಮ್ಮೆ ಅವನೊಡನೆ ಹೋಗಿ ಕುಳಿತು ನೋಡಿದೆ. ಅಲ್ಲಿದ್ದ ಹುಡುಗ ಹುಡುಗಿಯರ ಮುಖದಲ್ಲಿ ಕ್ರೋಧವಾಗಲಿ ಮದವಾಗಲಿ ಕಾಣಲಿಲ್ಲ. ಸಾಮಾಯಿಕಕ್ಕೆ ಕುಳಿತ ನನ್ನ ಮನಸ್ಸು ಅಷ್ಟು ಸ್ಥಿರವಾಗಿರುವುದು ಅಪರೂಪವೆಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಆದಕಾರಣ ಗುರಿಯ ಕ್ರೀಡೆಯೇ ಹಿಂಸೆ ಎಂದು ತಳ್ಳಿಹಾಕುವವರ ಪಕ್ಷ ನನ್ನದಲ್ಲ.

ಅವನ ಯೋಚನೆ ಸರಳವಾಗಿತ್ತು. .32 ಅಳತೆಯ ಒಂದು ಚಿಕ್ಕ ಅರೆ ಸ್ವಯಂಚಾಲಿತ ಪಿಸ್ತೂಲು ಕೊಂಡರೆ ಭಾನುವಾರ ಅಭ್ಯಾಸಕ್ಕೂ ಆಯಿತು, ಉಳಿದ ದಿನಗಳಲ್ಲಿ ಮನೆಯ ರಕ್ಷಣೆಗೂ ಆಯಿತು. ನಮ್ಮ ದೇಶದಲ್ಲಿ 9 ಮಿಲಿಮೀಟರಿನ ಪಿಸ್ತೂಲು ನಿಷಿದ್ಧ ವರ್ಗಕ್ಕೆ ಸೇರಿದ್ದು. ಸೇನೆ ಮತ್ತು ಪೊಲೀಸರದು. ಗೃಹಸ್ಥನಿಗೆ ದೊರೆಯುವುದು ಬಹುಮಟ್ಟಿಗೆ ಈ .32ರ ಜಾತಿ. ಪಶ್ಚಿಮ ಬಂಗಾಳದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಇಂಥ ಪಿಸ್ತೂಲಿಗೆ 'ಅಶನಿ' ಎಂದು ಹೆಸರು. 2014ರಲ್ಲಿ ಕಾನ್ಪುರದ ಕಾರ್ಖಾನೆಯು ಸ್ತ್ರೀಯರಿಗೆಂದೇ ಅರ್ಧ ಕಿಲೋ ತೂಕದ ಒಂದು ರಿವಾಲ್ವರನ್ನು ಹೊರತಂದು 'ನಿರ್ಭೀಕ' ಎಂದು ಕರೆಯಿತು. ಆಗಿನ ಬೆಲೆ ಒಂದೂಕಾಲು ಲಕ್ಷ ರೂಪಾಯಿಗೆ ಸಮೀಪ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾವು ದಾನವನ್ನು ನಾಲ್ಕಾಗಿ ಎಣಿಸುವವರು. ಶಾಸ್ತ್ರದ ದೀರ್ಘವೊಂದು ಬಿದ್ದುಹೋದರೆ ಅಭಯಕ್ಕೆ ಎಂಥ ಅರ್ಥ ಬರುವುದೆಂದು ಆ ಹೆಸರನ್ನು ಓದಿದಾಗ ನನಗೆ ನಗು ಬಂದಿತ್ತು. ಒಂಟಿಯಾಗಿ ಮಲಗುವ ಅತ್ತಿಗೆಯವರಿಗೆ ನಗು ಬರಲಿಕ್ಕಿಲ್ಲ.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ನೋಡಿದೆವು. ಮ್ಯಾಗಜೀನ್ ಬರಿದು, ನಳಿಗೆ ಬರಿದು. ಆದರೂ ಅದು ಅಂಗೈಯಲ್ಲಿ ಕುಳಿತ ಕ್ಷಣಕ್ಕೆ ಬೆನ್ನು ತಾನಾಗಿ ನೆಟ್ಟಗಾಯಿತು. ಅರುವತ್ತೆಂಟು ವಯಸ್ಸಿನ ನನ್ನ ಬೆನ್ನು! ಇದನ್ನು ಬರೆಯದೆ ಬಿಟ್ಟರೆ ಲೇಖನ ಸುಳ್ಳಾಗುತ್ತದೆ.

ಅನಂತರ ಬುದ್ಧಿಯಿಂದ ನೋಡತೊಡಗಿದೆವು. ನಳಿಗೆ ಗಿಡ್ಡ, ಹಿಂದಿನ ಗುರಿಕಂಡಿಗೂ ಮುಂದಿನ ಗುರಿಮೊಳೆಗೂ ನಡುವೆ ಅಂತರ ಕಡಿಮೆ. ಈ ಅಂತರ ಕಡಿಮೆಯಾದಷ್ಟೂ ಕೈಯ ಸಣ್ಣ ನಡುಕವೂ ದೂರದಲ್ಲಿ ದೊಡ್ಡ ತಪ್ಪಾಗುತ್ತದೆ. ಇಪ್ಪತ್ತೈದು ಮೀಟರು ದೂರದ ನಿಧಾನದ ಸ್ಪರ್ಧೆಯಲ್ಲಿ ಗುರಿಕಾಗದದ ಹತ್ತರ ವೃತ್ತ 50 ಮಿಲಿಮೀಟರು. ಅಲ್ಲಿಗೆ ಬರುವವರ ಪಿಸ್ತೂಲಿನ ಹಿಡಿ ಅವರವರ ಕೈಯ ಅಚ್ಚಿಗೆ ಕೆತ್ತಿದ್ದು, ನಳಿಗೆ ನೀಳವಾದದ್ದು, ಟ್ರಿಗರು ಮೃದುವಾಗಿ ಒಂದೇ ಸಮನೆ ಸಾಗುವಂಥದು. ಜೇಬಿಗೆಂದು ಮಾಡಿದ ಪಿಸ್ತೂಲಿನ ಟ್ರಿಗರು ಬಿಗಿ. ಬಿಗಿಯಾಗಿರುವುದೇ ಕ್ಷೇಮ, ಏಕೆಂದರೆ ಗಾಬರಿಯ ಬೆರಳಿಗೆ ಅದು ಸುಲಭವಾಗಿ ಮಣಿಯಬಾರದು. ಕ್ರೀಡೆಗೆ ಗುಣವಾದದ್ದು ಮನೆಗೆ ಅಪಾಯ, ಮನೆಗೆ ಗುಣವಾದದ್ದು ಕ್ರೀಡೆಗೆ ದೋಷ. ಎರಡಕ್ಕೂ ಆಗುವುದೆಂದು ಕೊಂಡದ್ದು ಒಂದಕ್ಕೂ ನೆಟ್ಟಗೆ ಒದಗುವುದಿಲ್ಲವೆಂಬುದನ್ನು ಹುಡುಗನು ನನಗಿಂತ ಮೊದಲೇ ಒಪ್ಪಿದನು.

ಉಳಿದದ್ದು ರಕ್ಷಣೆಯ ಮಾತು. ಇಂಥ ಪಿಸ್ತೂಲಿನಲ್ಲಿ ಮೊದಲ ಗುಂಡನ್ನು ನಳಿಗೆಗೆ ಏರಿಸಲು ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಡಬೇಕು. ಅದರ ಸ್ಪ್ರಿಂಗು ಗಟ್ಟಿ. ಗುಂಡು ಸಿಡಿದಾಗಿನ ಹಿನ್ನೂಕನ್ನು ತಡೆಯುವುದು ಆ ಸ್ಪ್ರಿಂಗು ಮತ್ತು ಸ್ಲೈಡಿನ ತೂಕ. ನಾನು ಎರಡನೆಯ ಪ್ರಯತ್ನಕ್ಕೆ ಎಳೆದೆ. ಬೆರಳ ಗಂಟುಗಳು ಊದಿಕೊಂಡಿರುವ ಅತ್ತಿಗೆಯವರಿಂದ ಅದು ಆಗುವ ಮಾತಲ್ಲ. ಗುಂಡನ್ನು ಏರಿಸಿಯೇ ಇಡುವುದೆಂದರೆ ತಲೆದಿಂಬಿನ ಕೆಳಗೆ ಮೃತ್ಯುವನ್ನು ಎಬ್ಬಿಸಿ ಕೂರಿಸಿದಂತೆ. ಬೇಸಗೆ ರಜಕ್ಕೆ ಬರುವ ಮೊಮ್ಮಕ್ಕಳು ಹುಡುಕದ ಮೂಲೆ ಆ ಮನೆಯಲ್ಲಿಲ್ಲ. ಬೀಗ ಹಾಕಿ, ಗುಂಡನ್ನು ಬೇರೆ ಇಟ್ಟರೆ, ಕತ್ತಲಲ್ಲಿ ಕನ್ನಡಕ ಹುಡುಕಿ, ಬೀಗದಕೈ ಹುಡುಕಿ, ಮ್ಯಾಗಜೀನ್ ಸೇರಿಸಿ, ಸ್ಲೈಡ್ ಎಳೆಯುವಷ್ಟು ಹೊತ್ತು ಕಳ್ಳನು ಬಾಗಿಲಲ್ಲಿ ಕಾಯುತ್ತಾನೆಯೇ?

ಅಭ್ಯಾಸ ಕೇಂದ್ರದಲ್ಲಿ ಪರವಾನಗಿ ಹೊಂದಿದ ಒಬ್ಬ ಹಿರಿಯರು ತಮ್ಮ ಪಿಸ್ತೂಲಿನಿಂದ ಹತ್ತು ಗುಂಡು ಹಾರಿಸಿ ತೋರಿಸಿದರು. ಆರನೆಯ ಗುಂಡಿಗೆ ಬರಿಯ ಕೋಶವು ಹೊರಬೀಳದೆ ಸ್ಲೈಡಿನಲ್ಲಿ ಸಿಕ್ಕಿಕೊಂಡಿತು. ಮಣಿಕಟ್ಟು ಸಡಿಲವಾದರೆ ಹೀಗಾಗುವುದುಂಟೆಂದು ಹೇಳಿ, ಅವರು ಶಾಂತವಾಗಿ ಬಿಡಿಸಿ ಮುಂದುವರಿದರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು ಅಮೂಲ್ಯ ನಿಮಿಷಗಳು ಹೋದದ್ದು ಎಲ್ಲರಿಗೂ ನೆನಪಿದೆ. ಅವರು 2024ರಲ್ಲಿ ಪ್ಯಾರಿಸ್ಸಿಗೆ ಹೋಗಿ ಎರಡು ಕಂಚಿನ ಪದಕ ತಂದರು. ನಡುರಾತ್ರಿ ಹಜಾರದಲ್ಲಿ ನಿಂತ ಗೃಹಸ್ಥನಿಗೆ ಇನ್ನೊಂದು ಒಲಿಂಪಿಕ್ಸ್ ಇರುವುದಿಲ್ಲ.

ಇಷ್ಟಾದರೂ ನಾನು ಪಿಸ್ತೂಲನ್ನು ಅಳೆದದ್ದು ಈ ಲೆಕ್ಕಗಳಿಂದಲೇ ಎಂದರೆ ಅರ್ಧಸತ್ಯ. ನನ್ನ ಎದೆಯಲ್ಲಿ ಕುಣಿಗಲ್ಲಿನ ಒಂದು ರಾತ್ರಿ ಕುಳಿತಿದೆ.

1978ರ ಮಳೆಗಾಲ. ಕುಣಿಗಲ್ ಸಮೀಪದ ಸೋದರಮಾವನ ಮನೆಯಲ್ಲಿದ್ದೆ. ಮಾವ ಅಣುವ್ರತಿಗಳು, ರಾತ್ರಿ ನೀರನ್ನೂ ಮುಟ್ಟುತ್ತಿರಲಿಲ್ಲ. ಆದರೆ ತೋಟಕ್ಕೆ ಕೋತಿ, ಹಂದಿಗಳ ಹಾವಳಿಯಿದ್ದುದರಿಂದ ಸದ್ದು ಮಾಡಿ ಬೆದರಿಸಲೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೋವಿಯೊಂದು ಮನೆಯಲ್ಲಿತ್ತು. ಆ ತಿಂಗಳು ಸುತ್ತಮುತ್ತ ಕಳವು ನಡೆದಿತ್ತು. ನಡುರಾತ್ರಿ ಕೊಟ್ಟಿಗೆಯ ಅಟ್ಟದಲ್ಲಿ ತೆಂಗಿನಕಾಯಿ ಉರುಳಿದ ಸದ್ದಾಯಿತು. ಮಾವ ಕೋವಿ ಹಿಡಿದು ಹೊರಟರು. ಟಾರ್ಚ್ ಹಿಡಿದು ನಾನು ಹಿಂದೆ ಹೋದೆ. ಮಳೆಯ ಆರ್ಭಟದಲ್ಲಿ ಒಂದು ನೆರಳು ಅಲುಗಿತು. "ಅಲ್ಲಿ, ಮಾವ" ಎಂದೆ. ಸಿಡಿಲಿನಂಥ ಸದ್ದು. ಹಂಚುಗಳು ಪುಡಿಯಾಗಿ ಬಿದ್ದವು. ಆಮೇಲೆ ಅಟ್ಟದಿಂದ ಒಂದು ಮಗುವಿನ ಅಳು ಕೇಳಿಸಿತು. ದನ ಕಾಯುವ ಹುಡುಗ, ಹನ್ನೊಂದೋ ಹನ್ನೆರಡೋ ವರ್ಷದವನು. ಗುಡಿಸಲು ಸೋರುತ್ತಿತ್ತೆಂದು ಒಣಜಾಗ ಹುಡುಕಿ ಬಂದು ಮಲಗಿದ್ದನು. ಚರೆಗಳು ಅವನಿಂದ ಒಂದು ಮೊಳ ಆಚೆ ತೊಲೆಗೆ ನೆಟ್ಟಿದ್ದವು.

ಮರುದಿನ ಅವನ ತಂದೆ ಬಂದು ಅಂಗಳದಲ್ಲಿ ನಿಂತನು. ಏನೂ ಕೇಳಲಿಲ್ಲ. ಮಾವನೂ ಏನೂ ಹೇಳಲಾರದೆ ಹೋದರು. ಅದೇ ವಾರ ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಬದುಕಿರುವ ತನಕ ಪ್ರತಿ ಚತುರ್ದಶಿ ಏಕಾಶನ ಮಾಡಿದರು. ಕಾರಣವನ್ನು ಯಾರಿಗೂ ತಿಳಿಸಲಿಲ್ಲ. ಟಾರ್ಚ್ ಹಿಡಿದು ತೋರಿಸಿದ ನಾನು ಮಾತ್ರ ಯಾವ ಪ್ರಾಯಶ್ಚಿತ್ತವನ್ನೂ ಮಾಡಲಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು ಪದಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದವನು ನಾನು. ನಾವಿಬ್ಬರೂ ಆ ರಾತ್ರಿ "ಯಾರು?" ಎಂದು ಕೇಳಲಿಲ್ಲ.

ನಮ್ಮ ಆಚಾರ್ಯರು ಗೃಹಸ್ಥನನ್ನು ಅಸಹಾಯಕನಾಗಿ ಬಿಟ್ಟವರಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಶ್ರಾವಕನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು, ಆಕ್ರಮಣವನ್ನು ಎದುರಿಸುವಾಗ ಅನಿವಾರ್ಯವಾಗುವ ವಿರೋಧೀ ಹಿಂಸೆ ಅವನ ಆಶ್ರಮಕ್ಕೆ ಹೊರತಲ್ಲ ಎಂದರು. 981ರಲ್ಲಿ ಶ್ರವಣಬೆಳಗೊಳದ ಗೊಮ್ಮಟನನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನು ಗಂಗರ ಸೇನಾನಿ. ದೇಶದ ಕಾನೂನೂ ಇದೇ ಜಾಡಿನಲ್ಲಿದೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತದೆ, ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿಗೆ ಆ ಹಕ್ಕು ಸಲ್ಲದೆಂದು ಕಟ್ಟು ಹಾಕುತ್ತದೆ. ಆದುದರಿಂದ "ನಾವು ಜೈನರು, ನಮಗೆ ಆಯುಧ ಕೂಡದು" ಎಂಬ ಒಂದೇ ಮಾತಿನಿಂದ ಹುಡುಗನಿಗೆ ಉತ್ತರ ಕೊಟ್ಟಂತಾಗುವುದಿಲ್ಲ. ನನ್ನ ಶಂಕೆ ಬೇರೆ. ಬರುವವನು ಯಾರೆಂದು ತಿಳಿಯದೆ, ಬರುತ್ತಾನೆಯೇ ಎಂಬುದೂ ತಿಳಿಯದೆ, ಅವನ ಎದೆಯ ಮಟ್ಟಕ್ಕೆ ವರ್ಷಗಟ್ಟಲೆ ಕೈಯನ್ನು ಪಳಗಿಸುತ್ತ ಹೋದರೆ, ವಿರೋಧೀ ಹಿಂಸೆಯು ಯಾವ ದಿನ ಸಂಕಲ್ಪೀ ಆಯಿತೆಂದು ಹೇಳುವವರು ಯಾರು? ಗುರಿಕಾಗದದ ಕಪ್ಪು ವೃತ್ತವು ಯಾರ ಎದೆಯೂ ಅಲ್ಲ. ಅವನ ಗಾಳಿ ಪಿಸ್ತೂಲಿಗೆ ನನ್ನ ಆಕ್ಷೇಪವಿಲ್ಲದಿರುವುದು ಇದಕ್ಕೇ.

ಇದೇ ಸಮಯಕ್ಕೆ ನಾನು ಸದಸ್ಯನಾಗಿರುವ ಬಸದಿಯ ಟ್ರಸ್ಟಿನಲ್ಲಿ ಕೋವಿಯುಳ್ಳ ಕಾವಲುಗಾರನನ್ನು ನೇಮಿಸುವ ಪ್ರಸ್ತಾಪ ಬಂದಿತು. 2013ರಲ್ಲಿ ಮೂಡುಬಿದಿರೆಯ ಗುರು ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದಂದಿನಿಂದ ಎಲ್ಲ ಟ್ರಸ್ಟುಗಳಿಗೂ ಈ ಭಯವಿದೆ, ಭಯ ನ್ಯಾಯವಾದದ್ದೇ. ಆದರೆ ಸಭೆಯಲ್ಲಿ ಒಬ್ಬರು, "ಹಾರಿಸುವವನು ಅವನು, ನಮಗೇನು ದೋಷ?" ಎಂದಾಗ ನನಗೆ ಟಾರ್ಚಿನ ನೆನಪಾಯಿತು. ಸಂಬಳ ಕೊಟ್ಟವನ ಬೆರಳೂ ಆ ಟ್ರಿಗರಿನ ಮೇಲೆ ಇರುತ್ತದೆಂದೆ. ಪ್ರಸ್ತಾಪ ಇನ್ನೂ ತೀರ್ಮಾನವಾಗಿಲ್ಲ. ಗರ್ಭಗೃಹಕ್ಕೆ ಎರಡನೆಯ ಬಾಗಿಲು, ಎಚ್ಚರಿಕೆಯ ಗಂಟೆ ಮಾತ್ರ ಬಂದಿವೆ.

ಒಂದು ಭಾನುವಾರ ಹುಡುಗನೊಡನೆ ಮಂದರಗಿರಿಗೆ ಹೋಗಿದ್ದೆ. ಮೇಲಿನ ಬಸದಿಗಳ ದರ್ಶನ ಮಾಡಿ, ಮೈದಾಳ ಕೆರೆ ಕಾಣುವಲ್ಲಿ ಕುಳಿತೆವು. ಅವನು ಪರವಾನಗಿಯ ವಿಷಯ ತಿಳಿದು ಬಂದಿದ್ದನು. ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ, ಪೊಲೀಸರ ವರದಿ, ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಆಯುಧ ಸಲ್ಲದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಕರೆ ಬರುವುದು ನಮ್ಮ ಕಡೆ ಕೋವಿಯಿರುವ ರೈತರಿಗೆಲ್ಲ ಗೊತ್ತು. ಹುಡುಗ ಎಲ್ಲವನ್ನೂ ಹೇಳಿ, "ಅಮ್ಮನಿಗಾಗಿ ಇಷ್ಟು ಓಡಾಡುವುದು ಕಷ್ಟವಲ್ಲ, ಚಿಕ್ಕಪ್ಪ" ಎಂದನು. ಅಮ್ಮನನ್ನು ಕೇಳಿದೆಯಾ ಎಂದೆ. ಕೇಳಿರಲಿಲ್ಲ. ಎರಡು ತಿಂಗಳು ಇಬ್ಬರು ಗಂಡಸರು ತಿರುಗಿದ್ದೆವು. ಆ ಮನೆಯಲ್ಲಿ ಮಲಗುವವರನ್ನು ಒಂದು ಮಾತು ಕೇಳಿರಲಿಲ್ಲ.

ಅಲ್ಲಿಂದಲೇ ಗುಬ್ಬಿಗೆ ಹೋದೆವು. ಅತ್ತಿಗೆಯವರು ಎಲ್ಲ ಕೇಳಿ, ಮಗನತ್ತ ನೋಡಿ, "ಲೈಸೆನ್ಸ್ ಯಾರ ಹೆಸರಲ್ಲಿ?" ಎಂದರು. ನನ್ನ ಹೆಸರಲ್ಲಿ ಎಂದನು ಅವನು. "ಹಾಗಾದರೆ ಪಿಸ್ತೂಲು ನಿನ್ನ ಹತ್ತಿರ ಬೆಂಗಳೂರಿನಲ್ಲಿ, ಕಳ್ಳ ಇಲ್ಲಿ ಗುಬ್ಬಿಯಲ್ಲಿ" ಎಂದರು. ಮಾತು ನಿಜವೇ: ಅವರೂ ಪರವಾನಗಿ ಪಡೆಯದೆ ಆಯುಧವನ್ನು ಅವರ ಬಳಿ ಬಿಟ್ಟುಬರುವಂತಿಲ್ಲ. ಅನಂತರ ನನ್ನತ್ತ ತಿರುಗಿ, "ನೀವು ನನಗೆ ಅಹಿಂಸೆ ಹೇಳಬೇಡಿ. ಇಬ್ಬರೂ ಊರು ಬಿಟ್ಟು ಹೋದಿರಿ. ರಾತ್ರಿ ಎಲೆ ಅಲುಗಿದರೆ ಎದ್ದು ಕೂರುವವಳು ನಾನು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಪಿಸ್ತೂಲಿಗೆಂದು ತೆಗೆದಿಟ್ಟ ಹಣದಲ್ಲಿ ಕಿಟಕಿಗಳಿಗೆ ಸರಳು, ನಾಲ್ಕು ಮೂಲೆಗೆ ದೀಪ, ಹಿಂದಿನ ಬಾಗಿಲಿಗೆ ಕಬ್ಬಿಣದ ಗೇಟು ಆದವು. ಪಾಳುಬಿದ್ದಿದ್ದ ಆಳುಮನೆಗೆ ಹೊಸ ಹಂಚು ಹೊದಿಸಿದೆವು. ತೋಟ ನೋಡಿಕೊಳ್ಳುವವನ ಸಂಸಾರ ಅಲ್ಲಿಗೆ ಬಂದು ಸೇರಿತು, ಅವರ ಹಿಂದೆಯೇ ಅವರ ನಾಯಿಯೂ ಬಂದಿತು. ಹುಡುಗ ತಿಂಗಳಿಗೆ ಎರಡು ವಾರ ಬರುತ್ತಾನೆ. ಹಿತ್ತಲಿನ ಗೋಡೆಗೆ ಗುರಿಕಾಗದ ಅಂಟಿಸಿ ಗಾಳಿ ಪಿಸ್ತೂಲಿನ ಅಭ್ಯಾಸ ಮಾಡುತ್ತಾನೆ. ತೂತುಬಿದ್ದ ಆ ಕಾಗದಗಳನ್ನು ಅತ್ತಿಗೆಯವರು ಅಡುಗೆಮನೆಯ ಗೂಡುಗಳಿಗೆ ಹಾಸಿದ್ದಾರೆ.

ಹೋದ ತಿಂಗಳು ಒಂದು ರಾತ್ರಿ ನಾಯಿ ಬಿಡದೆ ಬೊಗಳಿತಂತೆ. ಅತ್ತಿಗೆಯವರು ಎಲ್ಲ ದೀಪ ಹಾಕಿ, ಬಾಗಿಲು ತೆಗೆಯದೆ, ಕಿಟಕಿಯಿಂದ "ಯಾರಪ್ಪಾ ಅದು?" ಎಂದು ಗಟ್ಟಿಯಾಗಿ ಕೇಳಿದರಂತೆ. ಉತ್ತರವಿಲ್ಲ. ಆಳುಮನೆಯವನು ಎದ್ದು ಬರುವಷ್ಟರಲ್ಲಿ ಬೇಲಿಯ ಕಡೆ ಯಾರೋ ಓಡಿದ ಸದ್ದು ಕೇಳಿಸಿತಂತೆ. ಬೆಳಿಗ್ಗೆ ನೋಡಿದರೆ ಎರಡು ಗೊನೆ ಎಳನೀರು ಹೋಗಿತ್ತು.