ನಮ್ಮ ಸೊಲ್ಲಾಪುರಕ್ಕೆ ಬನ್ನಿರಿ

ನಮ್ಮೂರಿಗೆ ಬಂದವರು ಚಾದರ ಕೊಂಡು ಅದೇ ಸಂಜೆ ರೈಲು ಹತ್ತುವುದುಂಟು. ಚಾದರ ಹೆಸರಾದದ್ದು ನಿಜ. ಅಷ್ಟಕ್ಕೇ ಊರು ಕಂಡಂತಾಗದು. ಮೊದಲು ಕೆರೆಯ ನಡುವಿನ ಸಿದ್ಧೇಶ್ವರ ಗುಡಿಗೆ ಹೋಗಿರಿ. 12ನೆಯ ಶತಮಾನದಲ್ಲಿ ಈ ಕೆರೆ ಕಟ್ಟಿಸಿದ ಸಿದ್ಧರಾಮರು ವಚನ ನುಡಿದದ್ದು ಕನ್ನಡದಲ್ಲಿಯೇ. ಆಗ ಊರಿನ ಹೆಸರು ಸೊನ್ನಲಿಗೆ. ಪಕ್ಕದಲ್ಲಿಯೇ ಭುಯಿಕೋಟ ಕಿಲ್ಲೆಯಿದೆ. ಸಂಕ್ರಾಂತಿಗೆ ಬಂದರೆ ಏಳು ನಂದಿಧ್ವಜಗಳ ಮೆರವಣಿಗೆಯನ್ನೂ ನೋಡಬಹುದು.

ಹಸಿವಾದಾಗ ಜೋಳದ ಖಡಕ್ ರೊಟ್ಟಿ, ಕುಟ್ಟಿದ ಶೇಂಗಾ ಚಟ್ನಿ, ಮೊಸರು ಕೇಳಿರಿ. ಅಂಗಡಿಯ ಫಲಕ ಮರಾಠಿಯಲ್ಲಿದೆಯೆಂದು ಸಂಕೋಚ ಬೇಡ. ಕನ್ನಡದಲ್ಲಿಯೇ ಕೇಳಿ ನೋಡಿರಿ. “ಬರ್ರಿ, ಕೂಡ್ರಿ” ಎಂಬ ಉತ್ತರ ಬಂದೀತು. ಮನೆಯಲ್ಲಿ, ಶಾಲೆಯಲ್ಲಿ ನಾವಾಡುವ ಮಾತು ಪೇಟೆಯಲ್ಲಿಯೂ ಉಳಿಯಬೇಕಾದರೆ ಅದನ್ನು ಆಡಿ ಕೇಳುವ ಅತಿಥಿಗಳೂ ಬೇಕಲ್ಲವೇ?