ನೀಲಿ ಬಾಲದ ರಾಕೆಟ್ಟು

ನಿವೃತ್ತಿಯಾದ ಮೇಲೆ ನನ್ನ ಓರಗೆಯವರಲ್ಲಿ ಕೆಲವರಿಗೆ ಷೇರುಪೇಟೆ ಹಿಡಿಯಿತು, ಕೆಲವರಿಗೆ ಪ್ರಾಣಾಯಾಮ. ನನಗೆ ಹಿಡಿದದ್ದು ರಾಕೆಟ್ಟಿನ ಬಾಲ. ಮೊಬೈಲಿನಲ್ಲಿ ಉಡಾವಣೆ ನೋಡುವಾಗ ಎಲ್ಲರ ಕಣ್ಣು ಮೂತಿಯ ಕಡೆ ಇದ್ದರೆ ನನ್ನದು ಬುಡದ ಬೆಂಕಿಯ ಕಡೆ. ದಟ್ಟ ಬಿಳಿ ಹೊಗೆ ಬಂತೋ, ಅದು ಅಲ್ಯೂಮಿನಿಯಂ ಪುಡಿ ಬೆರೆಸಿದ ಘನ ಇಂಧನ. ಕಣ್ಣು ಕುಕ್ಕುವ ಹಳದಿ ಬೆಂಕಿ ಬಂತೋ, ಸೀಮೆಎಣ್ಣೆ. ಹಾಡುಹಗಲಲ್ಲಿ ಬೆಂಕಿಯೇ ಸರಿಯಾಗಿ ಕಾಣದಿದ್ದರೆ ಜಲಜನಕ. ಇತ್ತೀಚೆಗೆ ಇವುಗಳ ನಡುವೆ ನೀಲಿಗೆ ನೇರಳೆ ಬೆರೆತ ಹೊಸ ಬಾಲವೊಂದು ಕಾಣಿಸಿಕೊಂಡಿದೆ. ಅದು ಮೀಥೇನ್. “ಯಾವುದು ಉರಿದರೇನು ಬಿಡಿ, ಮೇಲೆ ಹೋಯಿತಲ್ಲ” ಎಂದು ನಮ್ಮ ಮನೆಯವಳು ಕಾಫಿ ಲೋಟ ಇಟ್ಟು ಹೋಗುತ್ತಾಳೆ. ಅವಳ ಮಾತು ತೆಗೆದುಹಾಕುವಂಥದ್ದಲ್ಲ. ಆದರೂ ಯಾವುದು ಉರಿಯುತ್ತದೆ ಎಂಬುದರಲ್ಲೇ ಅರ್ಧ ಕಥೆ ಇದೆ.

2023ರ ಜುಲೈ 14ರ ಮಧ್ಯಾಹ್ನ ನಮ್ಮ ಬೀದಿಯ ಟಿ.ವಿ.ಗಳೆಲ್ಲ ಶ್ರೀಹರಿಕೋಟದ ಕಡೆ ತಿರುಗಿದ್ದವು. ಚಂದ್ರಯಾನ-3 ಹೊತ್ತ ಎಲ್‌ವಿಎಂ-3 ಎದ್ದಾಗ ಪಕ್ಕದ ಮನೆಯಿಂದ ಚಪ್ಪಾಳೆ ಕೇಳಿಸಿತು. ಆ ಒಂದು ರಾಕೆಟ್ಟಿನಲ್ಲಿ ಮೂರು ಜಾತಿಯ ಇಂಧನಗಳಿದ್ದವು: ಎರಡು ಪಕ್ಕಗಳಲ್ಲಿ ಘನ ಇಂಧನ, ನಡುವೆ ವಿಕಾಸ್ ಎಂಜಿನ್ನುಗಳಿಗೆ ಬೇಕಾದ ದ್ರವ, ಮೇಲಿನ ಹಂತದಲ್ಲಿ ಜಲಜನಕ. ಮೀಥೇನ್ ಮಾತ್ರ ಒಂದು ಹನಿಯೂ ಇರಲಿಲ್ಲ. ಅದಕ್ಕೆ ಎರಡೇ ದಿನ ಮೊದಲು, 12ರಂದು, ಚೀನಾದ ಜಿಯುಕ್ವಾನ್‌ನಿಂದ ಲ್ಯಾಂಡ್‌ಸ್ಪೇಸ್ ಎಂಬ ಖಾಸಗಿ ಕಂಪನಿಯ ಝೂಚೆ-2 ಎದ್ದು ಕಕ್ಷೆ ಸೇರಿತ್ತು. ಮೀಥೇನ್ ಉರಿಸಿ ಕಕ್ಷೆ ಮುಟ್ಟಿದ ಜಗತ್ತಿನ ಮೊದಲ ರಾಕೆಟ್ ಅದು. ನಮ್ಮ ಬೀದಿಯಲ್ಲಿ ಯಾರೂ ಅದರ ಸುದ್ದಿ ಎತ್ತಲಿಲ್ಲ. ಚಂದ್ರನಿಗೆ ಹೊರಟವರಿಗೆ ನೆರೆಮನೆಯ ಒಲೆಯ ಚಿಂತೆ ಯಾಕೆ!

ಮೀಥೇನ್ ಅಂದರೆ ಒಂದು ಇಂಗಾಲ, ನಾಲ್ಕು ಜಲಜನಕ, ಅಷ್ಟೆ. 1776ರಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಇಟಲಿಯ ಮಾಜೊರೆ ಸರೋವರದ ಜೌಗಿನಲ್ಲಿ ಕೆಸರು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಗೆ ಹಿಡಿದು ಉರಿಸಿ ನೋಡಿದ್ದು ಇದನ್ನೇ. ಹಸು ಮೆಲುಕು ಹಾಕುತ್ತ ತೇಗಿದಾಗ ಬರುವುದೂ ಇದೇ. ನಮ್ಮ ಹಟ್ಟಿಯ ಪಕ್ಕದ ಗುಂಡಿಯಿಂದ ಪೈಪಿನಲ್ಲಿ ಅಡುಗೆಮನೆಗೆ ಬರುತ್ತಿದ್ದ ಗೋಬರ್ ಗ್ಯಾಸಿನಲ್ಲೂ ಅರ್ಧಕ್ಕಿಂತ ಹೆಚ್ಚು ಇದೇ. ಸಿಲಿಂಡರಿನ ಗ್ಯಾಸು ಮಡಿ ಅಡುಗೆಗೆ ಬರುತ್ತದೋ ಇಲ್ಲವೋ ಎಂಬ ಅನುಮಾನ ನಮ್ಮ ಅಜ್ಜಿಗೆ ಕೊನೆಯವರೆಗೂ ಹೋಗಲಿಲ್ಲ. ಗೋಬರ್ ಗ್ಯಾಸಿಗೆ ಆ ತಕರಾರಿರಲಿಲ್ಲ. ಸೆಗಣಿಯಿಂದ ಹುಟ್ಟಿದ್ದಕ್ಕೆ ಮೈಲಿಗೆ ಎಲ್ಲಿಯದು? ಮಳೆಗಾಲದ ಚಳಿಗೆ ಗುಂಡಿಯೊಳಗಿನ ಸೂಕ್ಷ್ಮಜೀವಿಗಳು ಮಂಕಾಗಿ, ಹಾಲು ಉಕ್ಕುವ ಮೊದಲೇ ಒಲೆ ಆರಿ ಹೋಗುತ್ತಿತ್ತು. ಆಗ ಮಾತ್ರ ಅಜ್ಜಿ ವಿಜ್ಞಾನವನ್ನು ಬೈಯುತ್ತಿದ್ದಳು.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ ಈ ಗ್ಯಾಸನ್ನು ಒಲೆಯಿಂದ ಆಚೆಗೂ ಕೊಂಡೊಯ್ದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ, ಅಂದರೆ ಅಮೂಲ್ಯ ರೆಡ್ಡಿ ಮತ್ತವರ ಸಂಗಡಿಗರು, ಊರ ದನಗಳ ಸೆಗಣಿ ಕಲೆಹಾಕಿ, ಆ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಊಡಿ, 1980ರ ದಶಕದಲ್ಲಿ ಮನೆಮನೆಗೆ ದೀಪ, ನಲ್ಲಿಗೆ ನೀರು ಕೊಟ್ಟರು. ಪುರದವರಿಗೆ ಇದೇ ಗ್ಯಾಸಿನಲ್ಲಿ ರಾಕೆಟ್ ಹಾರಿಸಬಹುದು ಎಂದಿದ್ದರೆ ನಕ್ಕುಬಿಡುತ್ತಿದ್ದರೇನೋ. ಆದರೆ 2023ರ ಡಿಸೆಂಬರಿನಲ್ಲಿ ಜಪಾನಿನ ಹೊಕ್ಕೈಡೊ ದ್ವೀಪದ ತೈಕಿ ಎಂಬ ಪಟ್ಟಣದಲ್ಲಿ ಇಂಟರ್‌ಸ್ಟೆಲ್ಲರ್ ಟೆಕ್ನಾಲಜೀಸ್ ಕಂಪನಿ ಒಂದು ರಾಕೆಟ್ ಎಂಜಿನ್ನನ್ನು ನೆಲಕ್ಕೆ ಬಿಗಿದು ಹತ್ತು ಸೆಕೆಂಡು ಉರಿಸಿತು. ಇಂಧನ, ಆ ಸೀಮೆಯ ಹಸುಗಳ ಸೆಗಣಿಯಿಂದ ತೆಗೆದು ಶುದ್ಧಮಾಡಿ ದ್ರವವಾಗಿಸಿದ ಮೀಥೇನ್.

ಹಾಗಾದರೆ ಇಷ್ಟು ದಿನ ಯಾಕೆ ಯಾರೂ ಇದನ್ನು ಮುಟ್ಟಲಿಲ್ಲ? ಮುಟ್ಟಿದ್ದರು. 1931ರಲ್ಲೇ ಜರ್ಮನಿಯ ಯೋಹಾನೆಸ್ ವಿಂಕ್ಲರ್ ಡೆಸಾವ್ ಊರಿನ ಹತ್ತಿರ ದ್ರವ ಮೀಥೇನ್, ದ್ರವ ಆಮ್ಲಜನಕ ತುಂಬಿದ ಪುಟ್ಟ ರಾಕೆಟ್ ಹಾರಿಸಿದ್ದ. ಮೊದಲ ಸಲ ಅದು ಎದ್ದದ್ದು ಆಳುದ್ದಕ್ಕಿಂತ ತುಸು ಹೆಚ್ಚು. ಮುಂದಿನ ತಿಂಗಳು ಇನ್ನಷ್ಟು ಮೇಲೇರಿತು. ಆಮೇಲೆ ಜಗತ್ತು ಮೀಥೇನನ್ನು ತೊಂಬತ್ತು ವರ್ಷ ಮರೆತು ಕೂತಿತು. ಮರೆಯಲು ಕಾರಣವಿತ್ತು. ಬಲ ಬೇಕೆಂದವರ ಕಣ್ಣು ಜಲಜನಕದ ಮೇಲೆ, ಸಲೀಸು ಬೇಕೆಂದವರ ಕಣ್ಣು ಸೀಮೆಎಣ್ಣೆಯ ಮೇಲೆ.

ರಾಕೆಟ್ಟಿನವರು ಇಂಧನದ ಕಸುವನ್ನು ಸೆಕೆಂಡುಗಳಲ್ಲಿ ಅಳೆಯುತ್ತಾರೆ. ಒಂದು ಕಿಲೋ ಇಂಧನ–ಆಮ್ಲಜನಕದ ಜೋಡಿ ಒಂದು ಕಿಲೋ ಭಾರದಷ್ಟು ನೂಕುಬಲವನ್ನು ಎಷ್ಟು ಸೆಕೆಂಡು ಕೊಡಬಲ್ಲದು ಎಂಬ ಲೆಕ್ಕ. ನಿರ್ವಾತದಲ್ಲಿ ಜಲಜನಕ ಸುಮಾರು 450 ಸೆಕೆಂಡು ಕೊಡುತ್ತದೆ. ಮೀಥೇನಿನದು 370ರ ಆಸುಪಾಸು, ಸೀಮೆಎಣ್ಣೆಯದು 350ರ ಆಸುಪಾಸು. ನಮ್ಮ ವಿಕಾಸ್ 300ರೊಳಗೇ ನಿಲ್ಲುತ್ತದೆ. ಇಷ್ಟನ್ನೇ ನೋಡಿದರೆ ಜಲಜನಕಕ್ಕೆ ಹಾರ ಹಾಕಿ ಮನೆಗೆ ಹೋಗಬಹುದು. 1903ರಲ್ಲೇ ರಷ್ಯದ ತ್ಸಿಯೊಲ್ಕೊವ್ಸ್ಕಿ ಅದನ್ನೇ ಹೇಳಿದ್ದ.

ಆದರೆ ಜಲಜನಕವನ್ನು ಸಾಕುವುದು ಕಷ್ಟ. ಮೈನಸ್ 253 ಡಿಗ್ರಿಯಲ್ಲಿ ಇಡಬೇಕು. ಇಟ್ಟರೂ ಹಗುರ: ಒಂದು ಘನ ಮೀಟರಿಗೆ ಬರೀ 71 ಕಿಲೋ. ಅಮೆರಿಕದ ಸ್ಪೇಸ್ ಶಟಲಿನ ಹೊಟ್ಟೆಗಂಟಿದ್ದ ಕಿತ್ತಳೆ ಬಣ್ಣದ ಭಾರೀ ಟ್ಯಾಂಕಿನಲ್ಲಿ ಸುಮಾರು 15 ಲಕ್ಷ ಲೀಟರ್ ಜಲಜನಕ ಹಿಡಿಯುತ್ತಿತ್ತು, ತೂಕ 106 ಟನ್. ಅದರ ಮೇಲಿನ ಅರೆಯಲ್ಲಿ ಆರನೂರಕ್ಕೂ ಹೆಚ್ಚು ಟನ್ ಆಮ್ಲಜನಕ ಮೂರರಲ್ಲೊಂದು ಪಾಲು ಜಾಗದಲ್ಲಿ ಮುಗಿದುಹೋಗುತ್ತಿತ್ತು. ಸಾಲದ್ದಕ್ಕೆ ಜಲಜನಕದ್ದು ಅತಿ ಪುಟ್ಟ ಅಣು. ಎಲ್ಲಿ ಕೂದಲೆಳೆಯ ಸಂದಿದ್ದರೂ ನುಸುಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಚಂದ್ರನತ್ತ ಹೊರಟಿದ್ದ ಅಮೆರಿಕದ ಆರ್ಟೆಮಿಸ್-1ರ ಉಡಾವಣೆ ಜಲಜನಕದ ಸೋರಿಕೆಯಿಂದಲೇ ನಿಂತಿತು. ಆ ರಾಕೆಟ್ ಕೊನೆಗೆ ಎದ್ದದ್ದು ನವೆಂಬರಿನಲ್ಲಿ.

ಸೀಮೆಎಣ್ಣೆ ಸಾಧು ಸ್ವಭಾವದ್ದು. ಸಾಮಾನ್ಯ ಉಷ್ಣತೆಯಲ್ಲಿ ತೆಪ್ಪಗಿರುತ್ತದೆ, ಘನ ಮೀಟರಿಗೆ 800 ಕಿಲೋ ದಾಟುತ್ತದೆ. ಗಗಾರಿನ್‌ನನ್ನು ಎತ್ತಿದ್ದು ಅದು. ಚಂದ್ರನಿಗೆ ಮನುಷ್ಯರನ್ನು ಹೊತ್ತ ಸ್ಯಾಟರ್ನ್-5ರ ಕೆಳಹಂತವೂ ಅದೇ. ಅದರ ದೋಷ ಏನೆಂದು ಲಾಟೀನಿನ ಗಾಜನ್ನು ಸಂಜೆ ಸಂಜೆ ಬೂದಿ ಹಾಕಿ ಉಜ್ಜಿದವರಿಗೆ ಹೇಳಬೇಕಾಗಿಲ್ಲ. ಮಸಿ! ಎಂಜಿನ್ನಿನ ಬಿಸಿ ಗೋಡೆಯ ಸಣ್ಣ ಕಾಲುವೆಗಳಲ್ಲಿ ಹರಿಯುವಾಗ ಸೀಮೆಎಣ್ಣೆ ಕಾದು ಕರಿಯಾಗಿ ಗಟ್ಟಿ ಕಟ್ಟುತ್ತದೆ. ಒಮ್ಮೆ ಹಾರಿ ಸಮುದ್ರಕ್ಕೆ ಬೀಳುವ ರಾಕೆಟ್ಟಿಗೆ ಇದು ಲೆಕ್ಕಕ್ಕಿಲ್ಲ; ಮತ್ತೆ ಹಾರಬೇಕಾದದ್ದಕ್ಕೆ ತಲೆನೋವು. ಫಾಲ್ಕನ್-9 ಹೀಗೇ ಸೀಮೆಎಣ್ಣೆ ಕುಡಿಯುತ್ತಲೇ ಮತ್ತೆ ಮತ್ತೆ ಹಾರುತ್ತಿದೆ, ನಿಜ. ಆದರೆ ಇಳಿದ ರಾಕೆಟ್ಟಿನ ಮೈ ಮಸಿಯಿಂದ ಕಪ್ಪಾಗಿರುವುದನ್ನು ನೀವೂ ನೋಡಿರಬಹುದು.

ಮರುಬಳಕೆಯ ಮಾತು ಬಂದದ್ದೇ ತಡ, ಮೀಥೇನಿನ ದೆಸೆ ತಿರುಗಿತು. ಅದರಲ್ಲಿ ಮಸಿ ತೀರಾ ಕಡಿಮೆ. ಕುದಿಯುವುದು ಮೈನಸ್ 161ರಲ್ಲಿ, ಆಮ್ಲಜನಕ ಮೈನಸ್ 183ರಲ್ಲಿ. ಎರಡಕ್ಕೂ ನಡುವೆ ಒಂದೇ ಗೋಡೆ ಎಬ್ಬಿಸಿ ಅಕ್ಕಪಕ್ಕ ಇಡಬಹುದು. ದ್ರವದ ತೂಕ ಘನ ಮೀಟರಿಗೆ 420 ಕಿಲೋದಷ್ಟು, ಜಲಜನಕದ ಆರು ಪಟ್ಟು. ಯಾವ ವಿಷಯದಲ್ಲೂ ಮೊದಲ ರ‍್ಯಾಂಕ್ ಬಾರದೆ, ಎಲ್ಲ ವಿಷಯಗಳಲ್ಲೂ ಒಳ್ಳೆ ಅಂಕ ತೆಗೆದ ಹುಡುಗನನ್ನು ಕೊನೆಗೆ ಕೆಲಸಕ್ಕೆ ಕರೆದರು. ಮಂಗಳ ಗ್ರಹದ ಆಸೆಯವರಿಗೆ ಇನ್ನೂ ಒಂದು ಆಮಿಷ: ಅಲ್ಲಿನ ವಾತಾವರಣದ ಶೇ. 95 ಇಂಗಾಲದ ಡೈಆಕ್ಸೈಡ್. ನೆಲದಡಿಯ ಮಂಜುಗಡ್ಡೆಯಿಂದ ಜಲಜನಕ ಬಿಡಿಸಿ ಎರಡನ್ನೂ ಕೂಡಿಸಿದರೆ ಮೀಥೇನ್. ಈ ಕ್ರಿಯೆ ಹೇಳಿಕೊಟ್ಟ ಪೌಲ್ ಸಬಾಟಿಯರ್‌ಗೆ 1912ರಲ್ಲೇ ನೊಬೆಲ್ ಬಂದಿತ್ತು. ಮಂಗಳದಲ್ಲಿ ಕೂತು ಸೀಮೆಎಣ್ಣೆ ಮಾಡುವುದು ಇದಕ್ಕಿಂತ ಎಷ್ಟೋ ದೂರದ ಮಾತು.

ವಿಕಾಸ್ ಎಂಜಿನ್ನಿನ ದ್ರವಗಳ ಜೋಡಿಯನ್ನು ನಾನು ಬದಿಗಿಟ್ಟೆ. ಕಿಡಿ ಬೇಡ, ಎರಡೂ ಮುಟ್ಟಿದರೆ ತಾನೇ ಹತ್ತಿಕೊಳ್ಳುತ್ತದೆ, ನೆಚ್ಚಿಕೆಗೆ ಎರಡಿಲ್ಲ. ಆದರೆ ಕಡು ವಿಷ. 1960ರ ಅಕ್ಟೋಬರ್ 24ರಂದು ಬೈಕನೂರಿನಲ್ಲಿ ಇಂಥದೇ ಜಾತಿಯ ಇಂಧನ ತುಂಬಿದ ಕ್ಷಿಪಣಿ ಉಡಾವಣಾ ಕಟ್ಟೆಯ ಮೇಲೆಯೇ ಹೊತ್ತಿಕೊಂಡು ಸೋವಿಯತ್ ಸೇನೆಯ ಮಾರ್ಷಲ್ ನೆಡೆಲಿನ್‌ರ ಜೊತೆ ಎಷ್ಟೋ ಮಂದಿ ಸುಟ್ಟುಹೋದರು.

ಮೀಥೇನ್ ಕೂಡ ದೇವರಲ್ಲ. ಉರಿಯದೆ ಗಾಳಿಗೆ ಸೋರಿದರೆ ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟು ಮಿಕ್ಕಿ ಭೂಮಿಯನ್ನು ಬಿಸಿ ಮಾಡುತ್ತದೆ. ದ್ರವರೂಪದಲ್ಲಿ ಆಮ್ಲಜನಕದೊಡನೆ ಬೆರೆತರಂತೂ ಸಿಡಿಮದ್ದೇ. ಹಾಗಾಗಿ ನನ್ನ ತೀರ್ಪು ಅರೆಬರೆಯದು: ನೆಲದಿಂದ ಎತ್ತುವ ಕೆಲಸ ಮೀಥೇನಿಗೆ ಇರಲಿ, ಮೇಲೆ ಹೋದ ಮೇಲೆ ದೂರಕ್ಕೆ ತಳ್ಳುವ ಕೆಲಸ ಜಲಜನಕಕ್ಕೇ ಇರಲಿ. ಅಮೆರಿಕದ ವಲ್ಕನ್, ನ್ಯೂ ಗ್ಲೆನ್ ರಾಕೆಟ್ಟುಗಳೆರಡೂ ಹೀಗೇ ಕೆಲಸ ಹಂಚಿಕೊಂಡಿವೆ. ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ 8,240 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟ ಇಸ್ರೋದ ಮುಂದಿನ ಪೀಳಿಗೆಯ ರಾಕೆಟ್ಟಿನ ನಕ್ಷೆಯೂ ಇದೇ: ಕೆಳಗೆ ಮೀಥೇನ್, ತುದಿಯಲ್ಲಿ ಜಲಜನಕ.